ಕೊಠಡಿಯಿಂದ ಬೆಟ್ಟಕ್ಕೆ: ಕಪ್ಪತಗುಡ್ಡದ ನಾಡಿನಲ್ಲಿ ವಿಶ್ವಾಸದ ಪಾಠ

ಏಪ್ರಿಲ್-ಮೇ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಶಿಬಿರಗಳ ಕಾಲ. ಮಕ್ಕಳ ಶಿಬಿರ, ಯುವಜನರ ಶಿಬಿರ, ವೇದಿ ಸೇವಕರ ಶಿಬಿರ ಎಂದು ಒಂದರ ಹಿಂದೆ ಒಂದರಂತೆ ನಡೆಯುತ್ತವೆ. ದೀಪ ಬೆಳಗಿಸಿ ಉದ್ಘಾಟನೆ, ಸಂಪನ್ಮೂಲ ವ್ಯಕ್ತಿಗಳ ಉಪನ್ಯಾಸ, ಆಟ, ಊಟ, ಕೊನೆಗೆ ಗುಂಪು ಫೋಟೊ. ವರದಿಯೂ ಫೋಟೊವೂ ನಮ್ಮ ಕಚೇರಿಗೆ ತಲುಪುತ್ತವೆ, ನಾವು ಪ್ರಕಟಿಸುತ್ತೇವೆ. ಆದರೆ ಮನೆಗೆ ಹೋದ ಮಗು ಏನನ್ನು ಹೊತ್ತುಕೊಂಡು ಹೋಯಿತು ಎಂಬುದು ಯಾವ ವರದಿಯಲ್ಲೂ ಇರುವುದಿಲ್ಲ.

ಸಹಾಯಕ ಗುರುವಾಗಿದ್ದಾಗ ನಾನೂ ಇಂಥದೇ ಒಂದು ಶಿಬಿರ ನಡೆಸಿದ್ದೆ. ಮೂರು ದಿನ, ಹನ್ನೊಂದು ಉಪನ್ಯಾಸ. ಎರಡನೆಯ ದಿನ ಪಂಪು ಕೆಟ್ಟು ನೀರು ನಿಂತಿತು. ಮಕ್ಕಳು ಸಾಲಾಗಿ ನಿಂತು ಬಾವಿಯಿಂದ ಅಡುಗೆ ಮನೆಯವರೆಗೆ ಕೊಡಗಳನ್ನು ಕೈಯಿಂದ ಕೈಗೆ ದಾಟಿಸಿದರು. ಕೊನೆಯ ದಿನ ‘ನಿಮಗೆ ಅತ್ಯಂತ ಇಷ್ಟವಾದದ್ದು ಯಾವುದು?’ ಎಂದು ಕೇಳಿದೆ. ಎಂಟನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, ‘ಫಾದರ್, ನೀರು ಹೊತ್ತದ್ದು’ ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ರಾತ್ರಿ ಮಲಗಿದಾಗ ಆ ಮಾತು ಬಿಡಲಿಲ್ಲ. ಹನ್ನೊಂದು ಉಪನ್ಯಾಸಗಳಲ್ಲಿ ನಾವು ‘ಸಹಭಾಗಿತ್ವ’ ಎಂಬ ಪದವನ್ನು ಎಷ್ಟು ಸಲ ಹೇಳಿದ್ದೆವೋ! ಅವನಿಗೆ ಅದು ಅರ್ಥವಾದದ್ದು ಕೊಡ ಹಿಡಿದಾಗ.

ಮಕ್ಕಳನ್ನು ಕೊಠಡಿಯಿಂದ ಹೊರಗೆ ಕರೆದೊಯ್ದು, ಪ್ರಕೃತಿಯ ನಡುವೆ, ಕೈಯಾರೆ ಮಾಡುತ್ತಾ ಕಲಿಸುವ ವಿಧಾನ ಏನು, ಅದಕ್ಕೂ ಆಧ್ಯಾತ್ಮಿಕ ಬೆಳವಣಿಗೆಗೂ ಏನು ಸಂಬಂಧ ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಉದಾಹರಣೆಗೆ ನಾನು ಆರಿಸಿಕೊಂಡಿರುವುದು ನಮ್ಮ ಕರಾವಳಿಯನ್ನಲ್ಲ. ಘಟ್ಟ ಹತ್ತಿ, ಹುಬ್ಬಳ್ಳಿ ದಾಟಿದರೆ ಸಿಗುವ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಯ ಸೀಮೆಯನ್ನು. ಏಕೆಂಬುದು ಮುಂದೆ ತಿಳಿಯುತ್ತದೆ.

ಅನುಭವದ ಕಲಿಕೆ ಎಂದರೇನು?

ಇದು ಹೊಸ ವಿಚಾರವೇನಲ್ಲ. 1907ರಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರನ್ನು ಸೇರಿಸಿ ಶಿಬಿರ ನಡೆಸಿದರು. ಅದರಿಂದಲೇ ಸ್ಕೌಟ್ ಚಳವಳಿ ಹುಟ್ಟಿತು. 1941ರಲ್ಲಿ ಶಿಕ್ಷಣ ತಜ್ಞ ಕರ್ಟ್ ಹಾನ್ ಅವರು ವೇಲ್ಸ್‌ನ ಅಬರ್‌ಡೋವಿಯಲ್ಲಿ ‘ಔಟ್‌ವರ್ಡ್ ಬೌಂಡ್’ ಶಾಲೆಯ ಸ್ಥಾಪನೆಗೆ ಕಾರಣರಾದರು. ಯುದ್ಧಕಾಲದಲ್ಲಿ ಹಡಗಿನ ಯುವ ನಾವಿಕರಿಗೆ ಧೈರ್ಯ, ಸಹನೆ ಮತ್ತು ಪರರ ಬಗೆಗಿನ ಕಾಳಜಿಯನ್ನು ಸಮುದ್ರ-ಬೆಟ್ಟಗಳ ನಡುವೆ ಕಲಿಸುವುದು ಅದರ ಗುರಿಯಾಗಿತ್ತು. 1984ರಲ್ಲಿ ಡೇವಿಡ್ ಕೋಲ್ಬ್ ಎಂಬ ವಿದ್ವಾಂಸರು ಈ ಕಲಿಕೆಯನ್ನು ನಾಲ್ಕು ಹೆಜ್ಜೆಗಳ ಚಕ್ರವಾಗಿ ವಿವರಿಸಿದರು: ಮೊದಲು ಅನುಭವ, ನಂತರ ಅದರ ಅವಲೋಕನ, ಅದರಿಂದ ಒಂದು ತಿಳಿವಳಿಕೆ, ಕೊನೆಗೆ ಆ ತಿಳಿವಳಿಕೆಯ ಪ್ರಯೋಗ.

ನಮ್ಮ ಧರ್ಮಸಭೆಯಲ್ಲಿ ಸಂತ ಇಗ್ನೇಷಿಯಸರ ಆಧ್ಯಾತ್ಮಿಕ ಸಾಧನೆಗಳನ್ನು ಬಲ್ಲವರಿಗೆ ಇದು ಪರಿಚಿತ ದಾರಿ. ಯೇಸುಸಭೆಯವರು 1993ರಲ್ಲಿ ಹೊರತಂದ ತಮ್ಮ ಶಿಕ್ಷಣ ಮಾರ್ಗದರ್ಶಿಯಲ್ಲಿ ಅನುಭವ, ಮನನ, ಕ್ರಿಯೆ ಎಂಬ ಮೂರನ್ನು ಮುಖ್ಯವಾಗಿ ಹೇಳಿ, ಅವುಗಳ ಹಿಂದೆ ಸಂದರ್ಭವನ್ನೂ ಮುಂದೆ ಮೌಲ್ಯಮಾಪನವನ್ನೂ ಇಟ್ಟರು.

ಇಲ್ಲಿ ಒಂದು ಮುಖ್ಯ ಅಂಶವಿದೆ. ಅನುಭವ ತಾನಾಗಿಯೇ ಪಾಠವಾಗುವುದಿಲ್ಲ. ‘ಫಾದರ್, ಟೂರಿಗೂ ಇದಕ್ಕೂ ಏನು ವ್ಯತ್ಯಾಸ?’ ಎಂದು ಧರ್ಮಶಿಕ್ಷಣದ ಟೀಚರೊಬ್ಬರು ನನ್ನನ್ನು ಕೇಳಿದ್ದರು. ವ್ಯತ್ಯಾಸ ಇರುವುದು ಮನನದಲ್ಲಿ. ಬೆಟ್ಟ ಹತ್ತಿ ಇಳಿದು ಬಸ್ಸು ಏರಿದರೆ ಅದು ಟೂರು. ಬೆಟ್ಟ ಹತ್ತಿ ಕುಳಿತು, ‘ಹತ್ತುವಾಗ ಯಾರು ಹಿಂದೆ ಉಳಿದರು? ಯಾರು ಅವರಿಗಾಗಿ ನಿಂತರು? ನಾನು ನಿಂತೆನೇ?’ ಎಂದು ತನ್ನನ್ನೇ ಕೇಳಿಕೊಂಡು, ಮನೆಗೆ ಬಂದ ಮೇಲೆ ಒಂದು ವಿಷಯದಲ್ಲಾದರೂ ಬೇರೆ ರೀತಿ ನಡೆದುಕೊಂಡರೆ ಅದು ಶಿಕ್ಷಣ. ಆ ಮನನ ದೇವರ ಸಾನ್ನಿಧ್ಯದಲ್ಲಿ, ಪ್ರಾರ್ಥನೆಯೊಂದಿಗೆ ನಡೆದರೆ ಅದು ವಿಶ್ವಾಸದ ಶಿಕ್ಷಣ.

ಬೆಟ್ಟ ಹತ್ತಿದ ಗುರುಗಳು

ಯೇಸುಸ್ವಾಮಿ ಶಿಷ್ಯರನ್ನು ತಯಾರು ಮಾಡಿದ್ದು ದಾರಿಯಲ್ಲಿ, ದೋಣಿಯಲ್ಲಿ, ಬೆಟ್ಟದ ಮೇಲೆ, ಹೊಲದ ಬದುವಿನಲ್ಲಿ. ಹಕ್ಕಿಗಳನ್ನೂ ಬಯಲಿನ ಹೂಗಳನ್ನೂ ತೋರಿಸಿಯೇ ಅವರು ತಂದೆಯ ಪಾಲನೆಯ ಬಗ್ಗೆ ಹೇಳಿದರು. ಎಮ್ಮಾವುಸಿನ ಶಿಷ್ಯರಿಗೆ ಪವಿತ್ರ ಗ್ರಂಥ ಅರ್ಥವಾದದ್ದು ನಡೆಯುತ್ತಾ, ಕಣ್ಣು ತೆರೆದದ್ದು ರೊಟ್ಟಿ ಮುರಿಯುವಾಗ.

ಜಗದ್ಗುರು 11ನೇ ಪಿಯುಸ್ ಅವರು ಯುವ ಗುರುವಾಗಿದ್ದಾಗ ಒಳ್ಳೆಯ ಪರ್ವತಾರೋಹಿ. 1889ರಲ್ಲಿ ಅವರು ಆಲ್ಪ್ಸ್‌ನ ಮೊಂಟೆ ರೋಸಾ ಶಿಖರವನ್ನು ಏರಿದ್ದರು. 1923ರಲ್ಲಿ ಮೆಂಥೋನಿನ ಸಂತ ಬರ್ನಾರ್ಡರನ್ನು ಪರ್ವತಾರೋಹಿಗಳ ಪಾಲಕರೆಂದು ಘೋಷಿಸಿದವರೂ ಅವರೇ. ಪೋಲೆಂಡಿನಲ್ಲಿ ಕಮ್ಯುನಿಸ್ಟ್ ಆಡಳಿತವಿದ್ದಾಗ ಗುರುಗಳು ಯುವಜನರ ಗುಂಪು ಕಟ್ಟುವಂತಿರಲಿಲ್ಲ. ಆದ್ದರಿಂದ ಫಾದರ್ ಕರೋಲ್ ವೊಯ್ತಿವಾ ಅವರು ಸಾದಾ ಉಡುಪಿನಲ್ಲಿ ವಿದ್ಯಾರ್ಥಿಗಳೊಂದಿಗೆ ಬೆಟ್ಟಕ್ಕೂ ಸರೋವರಕ್ಕೂ ಹೋಗುತ್ತಿದ್ದರು. ಯುವಕರು ಅವರನ್ನು ‘ಮಾಮ’ ಎಂದೇ ಕರೆಯುತ್ತಿದ್ದರು. ಕವುಚಿ ಹಾಕಿದ ದೋಣಿಯೇ ಅವರಿಗೆ ಬಲಿಪೀಠ. 1958ರಲ್ಲಿ ತಾವು ಸಹಾಯಕ ಬಿಷಪರಾಗಿ ನೇಮಕವಾದ ಸುದ್ದಿ ಅವರಿಗೆ ತಲುಪಿದ್ದು ಇಂಥದೇ ದೋಣಿ ಯಾನದ ನಡುವೆ. ಮುಂದೆ ಅವರೇ ಜಗದ್ಗುರು 2ನೇ ಜಾನ್ ಪಾವ್ಲರಾದರು. 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಪಿಯೆರ್ ಜೊರ್ಜೊ ಫ್ರಸ್ಸಾತಿಯೂ ಬೆಟ್ಟ ಹತ್ತುವ ಯುವಕನೇ. 1925ರಲ್ಲಿ 24ನೇ ವಯಸ್ಸಿನಲ್ಲಿ ಪೋಲಿಯೊದಿಂದ ತೀರಿಕೊಂಡಾಗ, ಅವರು ಗುಟ್ಟಾಗಿ ಸಹಾಯ ಮಾಡಿದ್ದ ತೂರಿನ್ ನಗರದ ಬಡವರು ಗುಂಪು ಗುಂಪಾಗಿ ಅಂತ್ಯಕ್ರಿಯೆಗೆ ಬಂದರು. ಬೆಟ್ಟದ ಪ್ರೀತಿ ಅವರನ್ನು ಬಡವರಿಂದ ದೂರ ಒಯ್ಯಲಿಲ್ಲ ಎಂಬುದನ್ನು ಗಮನಿಸಬೇಕು.

2015ರಲ್ಲಿ ಜಗದ್ಗುರು ಫ್ರಾನ್ಸಿಸರು ‘ಲೌದಾತೋ ಸೀ’ ವಿಶ್ವಪತ್ರವನ್ನು ಹೊರಡಿಸಿ, ಪರಿಸರ ಶಿಕ್ಷಣಕ್ಕೂ ಆಧ್ಯಾತ್ಮಿಕತೆಗೂ ಒಂದು ಇಡೀ ಅಧ್ಯಾಯವನ್ನೇ ಮೀಸಲಿಟ್ಟರು. ಅಂದಿನಿಂದ ಇದು ಕೆಲವರ ಹವ್ಯಾಸವಾಗಿ ಉಳಿದಿಲ್ಲ, ಧರ್ಮಸಭೆಯ ಬೋಧನೆಯ ಭಾಗವಾಗಿದೆ.

ಗದಗ ಸೀಮೆಯೇ ಏಕೆ?

ಗದಗ ಜಿಲ್ಲೆ 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾಯಿತು. ಧರ್ಮಸಭೆಯ ಆಡಳಿತದಲ್ಲಿ ಇದು 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರುತ್ತದೆ. ಅಲ್ಲಿ ನಮ್ಮವರ ಸಂಖ್ಯೆ ತೀರಾ ಕಡಿಮೆ. ಕರಾವಳಿಯಂತೆ ಊರಿಗೊಂದು ಇಗರ್ಜಿ, ವಾಳೆಗೊಬ್ಬ ಗುರಿಕಾರ ಎಂಬ ವ್ಯವಸ್ಥೆಯನ್ನು ಅಲ್ಲಿ ಹುಡುಕಬಾರದು. ನಮ್ಮ ಮಕ್ಕಳಿಗೆ ಅದೇ ಮೊದಲ ಪಾಠ: ವಿಶ್ವಾಸಿಗಳು ಎಲ್ಲೆಡೆ ಬಹುಸಂಖ್ಯೆಯಲ್ಲಿ ಇರುವುದಿಲ್ಲ.

ಕಪ್ಪತಗುಡ್ಡ: ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಗದಗ ಬಳಿಯ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಡದ ಶಿಂಗಟಾಲೂರಿನತ್ತ ಹಬ್ಬಿರುವ ಬೆಟ್ಟಸಾಲು. ನಮ್ಮ ಪಶ್ಚಿಮ ಘಟ್ಟದ ದಟ್ಟ ಕಾಡು ಅಲ್ಲಿಲ್ಲ. ಕುರುಚಲು ಕಾಡು, ಹುಲ್ಲುಗಾವಲು, ಹೆಸರಾಂತ ಔಷಧಿ ಸಸ್ಯಗಳು, ತೋಳ, ಕತ್ತೆಕಿರುಬ, ಚಿರತೆ, ನವಿಲು. ಬೀಸುವ ಗಾಳಿಗೆ ತಿರುಗುವ ಗಾಳಿಯಂತ್ರಗಳು ದೂರದಿಂದಲೇ ಕಾಣುತ್ತವೆ. ಮಣ್ಣಿನಡಿಯಲ್ಲಿ ಕಬ್ಬಿಣದ ಅದಿರು, ಚಿನ್ನದ ಅದಿರು ಇರುವುದರಿಂದ ಬೆಟ್ಟದ ಮೇಲೆ ಗಣಿಯವರ ಕಣ್ಣೂ ಇತ್ತು.

ಈ ಬೆಟ್ಟ ಉಳಿದ ಕಥೆಯನ್ನು ಮಕ್ಕಳಿಗೆ ಹೇಳಲೇಬೇಕು. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿ ಬಳಿ ದೊಡ್ಡ ಉಕ್ಕಿನ ಕಾರ್ಖಾನೆಗೆ ಜಮೀನು ಪಡೆಯುವ ಯೋಜನೆ ಬಂದಾಗ, ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿಯವರು ರೈತರ ಜೊತೆ ನಿಂತರು. ಯೋಜನೆ ಅದೇ ವರ್ಷ ಕೈಬಿಟ್ಟುಹೋಯಿತು. 2015ರ ಡಿಸೆಂಬರಿನಲ್ಲಿ ಸರ್ಕಾರ ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. 2016ರ ನವೆಂಬರಿನಲ್ಲಿ ಆ ಘೋಷಣೆಯನ್ನು ಹಿಂದಕ್ಕೆ ಪಡೆಯಿತು. ಸ್ವಾಮೀಜಿ, ನಂದಿವೇರಿ ಮಠದ ಸ್ವಾಮೀಜಿ, ರೈತರು, ಪರಿಸರ ಪ್ರೇಮಿಗಳು ಮತ್ತೆ ಬೀದಿಗಿಳಿದರು. 2017ರ ಏಪ್ರಿಲಿನಲ್ಲಿ ಸಂರಕ್ಷಿತ ಸ್ಥಾನ ಮರಳಿ ಬಂತು. 2019ರಲ್ಲಿ 244 ಚದರ ಕಿ.ಮೀ. ಪ್ರದೇಶ ವನ್ಯಜೀವಿಧಾಮವಾಯಿತು. ಆದರೆ ಅದನ್ನು ನೋಡಲು ತೋಂಟದಾರ್ಯ ಸ್ವಾಮೀಜಿ ಇರಲಿಲ್ಲ. 2018ರ ಅಕ್ಟೋಬರಿನಲ್ಲಿ ಅವರು ಲಿಂಗೈಕ್ಯರಾಗಿದ್ದರು.

ಪೂಜೆ, ಪ್ರವಚನ ಮಾಡಿಕೊಂಡು ಮಠದೊಳಗೆ ಇರಬಹುದಾಗಿದ್ದ ಒಬ್ಬ ಧರ್ಮಗುರು ಬೆಟ್ಟಕ್ಕಾಗಿ ಹೊರಗೆ ಬಂದರು. ಅವರು ನಮ್ಮ ಧರ್ಮದವರಲ್ಲ. ಆದರೂ ಸೃಷ್ಟಿಯ ಪಾಲನೆ ಎಂದರೇನೆಂದು ನಮ್ಮ ಮಕ್ಕಳು ಅವರಿಂದ ಕಲಿಯಬಹುದು. ಹಾಗೆ ಕಲಿತರೆ ನಮ್ಮ ವಿಶ್ವಾಸಕ್ಕೆ ಕೊರತೆಯಾಗುವುದಿಲ್ಲ.

ನಾಲ್ಕು ಜಾಗ, ನಾಲ್ಕು ಪಾಠ

1. ಕಪ್ಪತಗುಡ್ಡದಲ್ಲಿ ಮೌನ. ಪ್ರವಾದಿ ಎಲೀಯನು ಹೋರೇಬ್ ಬೆಟ್ಟದಲ್ಲಿ ಬಿರುಗಾಳಿ, ಭೂಕಂಪ, ಬೆಂಕಿಗಳ ನಂತರ ಮೆಲುದನಿಯಲ್ಲಿ ದೇವರನ್ನು ಕಂಡ ಪ್ರಸಂಗ ನಮಗೆ ಗೊತ್ತು. ಗಾಳಿ ಬೀಸುವ ಈ ಬೆಟ್ಟದ ಮೇಲೆ ಅರ್ಧ ಗಂಟೆ, ಒಬ್ಬೊಬ್ಬರೂ ಹತ್ತು ಹೆಜ್ಜೆ ದೂರ ಕುಳಿತು, ಮಾತಿಲ್ಲದೆ, ಮೊಬೈಲ್ ಇಲ್ಲದೆ ಇರಲಿ. ಮೊದಲ ಹತ್ತು ನಿಮಿಷ ಕಷ್ಟ. ಆಮೇಲೆ ಕಿವಿ ತೆರೆಯುತ್ತದೆ. ನಂತರ ಆ ಪ್ರಸಂಗವನ್ನು ಓದಿದರೆ ಸಾಕು, ವ್ಯಾಖ್ಯಾನ ಬೇಡ.

2. ಮಾಗಡಿ ಕೆರೆಯಲ್ಲಿ ತಾಳ್ಮೆ. ಶಿರಹಟ್ಟಿ ತಾಲೂಕಿನ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಾರು ಸಂಖ್ಯೆಯಲ್ಲಿ ಬರುತ್ತವೆ. ಮಧ್ಯ ಏಷ್ಯಾ, ಮಂಗೋಲಿಯ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಜಾತಿಯಿದು. ಈ ಹಕ್ಕಿಗಳು 7,000 ಮೀಟರಿಗೂ ಹೆಚ್ಚು ಎತ್ತರದಲ್ಲಿ ಹಾರಿರುವುದು ಅಧ್ಯಯನಗಳಲ್ಲಿ ದಾಖಲಾಗಿದೆ. ಹಗಲು ನೀರಿನಲ್ಲಿ ವಿಶ್ರಮಿಸಿ, ಕತ್ತಲಾದ ಮೇಲೆ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. 2024ರ ಜನವರಿಯಲ್ಲಿ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಅದೇ ದಿನ ಸೇರಿದ ಇನ್ನೊಂದು ಜಾಗ ನಮ್ಮ ಕುಮಟಾದ ಅಘನಾಶಿನಿ ಅಳಿವೆ! ಕರಾವಳಿಯ ಮಗು ಅಲ್ಲಿ ನಿಂತಾಗ ತನ್ನ ಊರಿನ ಹೊಳೆಯನ್ನೂ ನೆನೆಯಲಿ. ಹಕ್ಕಿಗಳು ನಮಗಾಗಿ ಹಾರುವುದಿಲ್ಲ, ನಾವೇ ಕಾಯಬೇಕು. ಕಲ್ಲೆಸೆದು ಹಾರಿಸಿ ಫೋಟೊ ತೆಗೆಯುವುದು ಪಾಪವೇ ಎಂದು ಮಕ್ಕಳು ಕೇಳಿದರೆ, ದೂರದಿಂದ ಬಂದ ಅತಿಥಿಯನ್ನು ಊಟದ ಎಲೆಯಿಂದ ಎಬ್ಬಿಸುವುದು ಹೇಗೋ ಇದೂ ಹಾಗೆಯೇ ಎಂದು ಹೇಳಿ.

3. ಲಕ್ಷ್ಮೇಶ್ವರ-ಶಿರಹಟ್ಟಿಯಲ್ಲಿ ನೆರೆಹೊರೆ. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡೆಂದು ಹೆಸರಿಸಿದ ಊರುಗಳಲ್ಲಿ ಇದೂ ಒಂದು. ಸೋಮೇಶ್ವರ ದೇವಾಲಯ, ಶಂಖ ಬಸದಿ, ಆದಿಲ್‌ಶಾಹಿ ಕಾಲದ ಮಸೀದಿ ಒಂದೇ ಊರಿನಲ್ಲಿವೆ. ಅಲ್ಲಿಂದ ಹತ್ತಿರದ ಶಿರಹಟ್ಟಿಯ ಫಕೀರೇಶ್ವರ ಮಠ ಹಿಂದೂ-ಮುಸ್ಲಿಂ ಭಾವೈಕ್ಯಕ್ಕೆ ಹೆಸರಾಗಿದೆ. ಫಕೀರ ಎಂಬ ಹೆಸರೇ ಅದನ್ನು ಹೇಳುತ್ತದೆ. ಇಲ್ಲಿ ಮಕ್ಕಳು ಮಾಡಬೇಕಾದ ಕೆಲಸ ಸಣ್ಣದು: ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಒಳಗೆ ಹೋಗಿ, ಅಲ್ಲಿನವರು ಹೇಳುವುದನ್ನು ಕೇಳುವುದು.

4. ಮುಂಡರಗಿಯ ಹೊಲದಲ್ಲಿ ದುಡಿಮೆ. ಎರೆ ಭೂಮಿಯಲ್ಲಿ ಕಡಲೆ, ಜೋಳ, ಸೂರ್ಯಕಾಂತಿ ಬೆಳೆಯುವ ನಾಡು. ಕರಾವಳಿಯಂತೆ ಮಳೆ ಸುರಿಯುವ ಸೀಮೆಯಲ್ಲ. ಎಳ್ಳು ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೊದಲು ಭೂಮಿತಾಯಿಗೆ ಚರಗ ಚೆಲ್ಲಿ, ನಂತರ ಕೂಡಿ ಉಣ್ಣುತ್ತಾರೆ. ಸೆಪ್ಟೆಂಬರ್ 8ರಂದು ಮೊಂತಿ ಫೆಸ್ತಿಗೆ ಹೂ ಹಿಡಿದು ಸಾಲಾಗಿ ಹೋಗಿ, ಹೊಸ ತೆನೆಯನ್ನು ಮನೆಗೆ ತರುವ ನಮ್ಮ ಮಕ್ಕಳಿಗೆ ಇದು ಅರ್ಥವಾಗದೆ ಇರುತ್ತದೆಯೇ? ರೈತರ ಒಪ್ಪಿಗೆ ಪಡೆದು ಅರ್ಧ ದಿನ ಕಳೆ ತೆಗೆಯಲಿ, ಕಡಲೆ ಕೀಳಲಿ. ಬದುವಿನ ಮೇಲೆ ಕುಳಿತು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಉಣ್ಣಲಿ. ಪ್ರತಿದಿನದ ಆಹಾರಕ್ಕಾಗಿ ಮಾಡುವ ಪ್ರಾರ್ಥನೆಯ ತೂಕ ಅಂದು ಗೊತ್ತಾಗುತ್ತದೆ.

ಇವುಗಳ ಜೊತೆ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನೂ ಸೇರಿಸಬಹುದು. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (2010ರಲ್ಲಿ ನಿಧನರಾದರು) ಅಲ್ಲಿ ಅಂಧ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ಕೊಟ್ಟರು. ಬೆಟಗೇರಿಯಲ್ಲಿ 1840ರ ದಶಕದಲ್ಲೇ ನೆಲೆಯೂರಿದ ಬಾಸೆಲ್ ಮಿಶನ್ನಿನ ಗುರುತುಗಳಿವೆ. ‘ಜರ್ಮನ್ ಆಸ್ಪತ್ರೆ’ ಎಂದು ಜನ ಈಗಲೂ ಕರೆಯುವುದು ಅವರ ಆಸ್ಪತ್ರೆಯನ್ನೇ. ಪ್ರೊಟೆಸ್ಟಂಟ್ ಸೋದರರ ಈ ಕೆಲಸ ಮಂಗಳೂರಿನ ಹೆಂಚಿನ ಕಾರ್ಖಾನೆ ನೋಡಿದ ನಮಗೆ ಹೊಸದಲ್ಲ.

ಮೂರು ದಿನದ ಒಂದು ಮಾದರಿ

ಕಾಲದ ಆಯ್ಕೆ ಬಹಳ ಮುಖ್ಯ. ಏಪ್ರಿಲ್-ಮೇ ತಿಂಗಳಲ್ಲಿ ಅಲ್ಲಿ ಬಿಸಿಲು ಕೆಂಡ. ಹೆಬ್ಬಾತುಗಳೂ ಮರಳಿ ಹೋಗಿರುತ್ತವೆ. ಕ್ರಿಸ್ಮಸ್ ಕಳೆದ ನಂತರದ ರಜೆಯೇ ಸೂಕ್ತ.

ಮೊದಲ ದಿನ: ಸಂಜೆ ಮಾಗಡಿ ಕೆರೆ, ರಾತ್ರಿ ನಕ್ಷತ್ರಗಳ ಕೆಳಗೆ ಪ್ರಾರ್ಥನೆ.
ಎರಡನೆಯ ದಿನ: ನಸುಕಿನಲ್ಲಿ ಕಪ್ಪತಗುಡ್ಡ, ಮೌನ, ಇಳಿದ ಮೇಲೆ ಬಲಿಪೂಜೆ; ಮಧ್ಯಾಹ್ನ ವಿಶ್ರಾಂತಿ; ಸಂಜೆ ಬೆಟ್ಟ ಉಳಿದ ಕಥೆ.
ಮೂರನೆಯ ದಿನ: ಬೆಳಿಗ್ಗೆ ಹೊಲದ ಕೆಲಸ, ಮಧ್ಯಾಹ್ನ ಲಕ್ಷ್ಮೇಶ್ವರ-ಶಿರಹಟ್ಟಿ, ಸಂಜೆ ಸಮಾರೋಪ.

ಉಪನ್ಯಾಸಗಳು ಬೇಡ. ಪ್ರತಿ ರಾತ್ರಿ ಎಂಟು-ಹತ್ತು ಮಂದಿಯ ಗುಂಪಿನಲ್ಲಿ ಮೂರು ಪ್ರಶ್ನೆ ಸಾಕು: ಇಂದು ಏನು ನಡೆಯಿತು? ಅದು ನನ್ನೊಳಗೆ ಏನು ಮಾಡಿತು? ದೇವರು ನನ್ನಿಂದ ಏನು ಕೇಳುತ್ತಿದ್ದಾರೆ? ಉತ್ತರ ಹೇಳಲು ಇಷ್ಟವಿಲ್ಲದ ಮಗುವನ್ನು ಒತ್ತಾಯಿಸಬಾರದು. ಮುಂದಾಳು ತಾನೂ ಉತ್ತರಿಸಬೇಕು.

ಎಚ್ಚರಿಕೆಯ ಮಾತುಗಳು

ಒಮ್ಮೆ ಹೊಳೆದಂಡೆಯ ಶಿಬಿರವೊಂದರಲ್ಲಿ ಹುಡುಗನೊಬ್ಬ ಕಾಲು ಜಾರಿ ನೀರಿಗೆ ಬಿದ್ದ. ಬಟ್ಟೆ ಒಗೆಯುತ್ತಿದ್ದ ಊರ ಹೆಂಗಸೊಬ್ಬರು ಎಳೆದು ಹಾಕಿದರು. ನಾವು ನಾಲ್ವರು ಹಿರಿಯರು ಮರದಡಿ ಮಾತಾಡುತ್ತಿದ್ದೆವು, ನಮಗೆ ಗೊತ್ತೇ ಆಗಲಿಲ್ಲ. ಇಂದಿಗೂ ಆ ತಾಯಿಯ ಹೆಸರು ನನಗೆ ತಿಳಿಯದು. ಆದ್ದರಿಂದ ಈ ಕೆಳಗಿನವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

* ಕಪ್ಪತಗುಡ್ಡ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿ, ಸ್ಥಳೀಯ ಮಾರ್ಗದರ್ಶಿ ಇಲ್ಲದೆ ಹತ್ತಬಾರದು. ಒಣ ಹುಲ್ಲಿನ ಬೆಟ್ಟವಾದ್ದರಿಂದ ಬೆಂಕಿ ಹಚ್ಚುವ ‘ಕ್ಯಾಂಪ್ ಫೈರ್’ ಖಂಡಿತ ಬೇಡ.
* ಕರಾವಳಿಯ ಮಕ್ಕಳು ಈಜು ಬರುತ್ತದೆಂದು ಧೈರ್ಯ ಮಾಡುತ್ತಾರೆ. ತುಂಗಭದ್ರೆಯಲ್ಲಿ ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ನದಿಗೆ ಇಳಿಯುವ ಕಾರ್ಯಕ್ರಮವನ್ನೇ ಇಡಬೇಡಿ.
* ಹತ್ತು ಮಕ್ಕಳಿಗೆ ಒಬ್ಬ ಹಿರಿಯರಾದರೂ ಇರಲಿ. ಹೆಣ್ಣುಮಕ್ಕಳ ಜೊತೆ ಧರ್ಮಭಗಿನಿಯರು ಅಥವಾ ತಾಯಂದಿರು ಇರಲೇಬೇಕು. ಪ್ರತಿ ಗಂಟೆಗೆ ತಲೆ ಎಣಿಕೆ. ಹಾವು ಕಚ್ಚಿದರೆ ಯಾವ ಆಸ್ಪತ್ರೆಗೆ ಹೋಗಬೇಕೆಂದು ಮೊದಲೇ ತಿಳಿದಿರಲಿ.
* ತಂದೆತಾಯಿಯ ಲಿಖಿತ ಒಪ್ಪಿಗೆ ಬೇಕು. ಯಾವ ಹಿರಿಯರೂ, ಗುರುಗಳೂ ಸೇರಿ, ಒಂದು ಮಗುವಿನೊಂದಿಗೆ ಒಂಟಿಯಾಗಿ ಇರುವ ಸಂದರ್ಭ ಬರಬಾರದು. 2012ರ ಪೋಕ್ಸೊ ಕಾಯ್ದೆಯ ತಿಳಿವಳಿಕೆಯನ್ನು ಎಲ್ಲ ಮುಂದಾಳುಗಳಿಗೆ ಕೊಡಿ.
* ಊರಿನ ಮಕ್ಕಳು ಕುತೂಹಲದಿಂದ ಬಂದು ಸೇರಬಹುದು. ಅವರೊಂದಿಗೆ ಆಡಿ, ಊಟ ಹಂಚಿಕೊಳ್ಳಿ. ನಮ್ಮ ಪ್ರಾರ್ಥನೆಗೆ ಅವರನ್ನು ಕೂರಿಸಬೇಡಿ, ಪುಸ್ತಕ ಹಂಚಬೇಡಿ. ನಾವು ಅಲ್ಲಿ ಅತಿಥಿಗಳು. ನಾವು ಮರಳಿದ ಮೇಲೆ ಬರುವ ಅಪನಂಬಿಕೆಯನ್ನು ಎದುರಿಸಬೇಕಾದವರು ಅಲ್ಲಿನ ಬೆರಳೆಣಿಕೆಯ ಕ್ರೈಸ್ತ ಕುಟುಂಬಗಳು.
* ಖರ್ಚು ಕೊಡಲಾಗದ ಮಗು ಹಿಂದುಳಿಯಬಾರದು. ನಡೆಯಲು ಕಷ್ಟವಿರುವ ಮಗುವಿಗಾಗಿ ದಾರಿಯನ್ನೇ ಚಿಕ್ಕದು ಮಾಡಿ. ಶಿಖರ ಮುಟ್ಟುವುದಕ್ಕಿಂತ ಎಲ್ಲರೂ ಒಟ್ಟಿಗೆ ಮುಟ್ಟುವುದು ದೊಡ್ಡದು.

ಮರಳಿ ಬಂದ ಮೇಲೆ

ನಿಜವಾದ ಪರೀಕ್ಷೆ ಇರುವುದು ಇಲ್ಲಿ. ಒಂದು ತಿಂಗಳ ನಂತರ ಅದೇ ಮಕ್ಕಳನ್ನು ಒಂದು ಭಾನುವಾರ ಸೇರಿಸಿ, ‘ಏನು ಬದಲಾಯಿತು?’ ಎಂದು ಕೇಳಿ. ಒಬ್ಬಳು ನಲ್ಲಿ ನಿಲ್ಲಿಸಲು ಕಲಿತಿರಬಹುದು. ಒಬ್ಬ ತಟ್ಟೆಯಲ್ಲಿ ಅನ್ನ ಬಿಡುವುದನ್ನು ನಿಲ್ಲಿಸಿರಬಹುದು. ಕೆಲವರಲ್ಲಿ ಏನೂ ಬದಲಾಗಿರಲಿಕ್ಕಿಲ್ಲ. ಅದನ್ನೂ ಪ್ರಾಮಾಣಿಕವಾಗಿ ಬರೆದಿಟ್ಟುಕೊಳ್ಳಿ, ಮುಂದಿನ ಸಲಕ್ಕೆ ಬೇಕಾಗುತ್ತದೆ.

ಗದಗಿನವರೆಗೆ ಹೋಗಲಾಗದ ಧರ್ಮಕೇಂದ್ರಗಳು ಬೇಸರಪಡಬೇಕಿಲ್ಲ. ನಸುಕಿನಲ್ಲಿ ದೋಣಿ ದಡ ಸೇರುವ ಬಂದರು, ಗದ್ದೆಯ ಹುಣಿ, ಊರ ಕೆರೆ ನಿಮ್ಮ ಹತ್ತಿರವೇ ಇವೆ. ದೃಢೀಕರಣ ಸಂಸ್ಕಾರ ಪಡೆದ ಮೇಲೆ ನಮ್ಮ ಮಕ್ಕಳು ಧರ್ಮಶಿಕ್ಷಣದಿಂದ ಜಾರಿಹೋಗುತ್ತಿದ್ದಾರೆ ಎಂದು ಪ್ರತಿ ಪಾಲನಾ ಮಂಡಳಿ ಸಭೆಯಲ್ಲೂ ಕೊರಗುತ್ತೇವೆ. ಅವರಿಗೆ ಇನ್ನೊಂದು ಉಪನ್ಯಾಸ ಇಡುವ ಮೊದಲು, ಅವರ ಕೈಗೆ ಒಂದು ಕೊಡ ಕೊಟ್ಟು ನೋಡೋಣ.

ಬರುವ ಡಿಸೆಂಬರಿಗೆ ಇನ್ನೂ ಸಮಯವಿದೆ. ನಿಮ್ಮ ಧರ್ಮಗುರುಗಳೊಂದಿಗೆ, ಧರ್ಮಶಿಕ್ಷಣದ ಶಿಕ್ಷಕರೊಂದಿಗೆ ಈಗಲೇ ಮಾತಾಡಿ. ಹೋಗಿ ಬಂದ ಮೇಲೆ ವರದಿ ಕಳುಹಿಸುವುದಾದರೆ, ಗುಂಪು ಫೋಟೊ ಇಲ್ಲದಿದ್ದರೂ ಪರವಾಗಿಲ್ಲ. ಒಂದು ಮಗು ಹೇಳಿದ ಒಂದು ಮಾತನ್ನು ಬರೆದು ಕಳುಹಿಸಿ.